ಶುಂಠಿ ಗದ್ದೆಯ ಮಣ್ಣು

ನಾನು ಬೇರು ತೊಳೆಯುವವಳು. ಮಡಿಕೇರಿಯ ಒಂದು ಸಣ್ಣ ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ಇದೇ ಕೆಲಸ. ತೋಟದವರು ಪ್ಲಾಸ್ಟಿಕ್ ಕವರಿನಲ್ಲಿ ಬೇರು, ಮಣ್ಣು ತಂದು ಕೊಡುತ್ತಾರೆ. ನಾನು ಬೇರನ್ನು ನಲ್ಲಿಯ ಕೆಳಗೆ ಹಿಡಿದು, ಒಂದು ಎಳೆಯೂ ಕಳಚದ ಹಾಗೆ ತೊಳೆದು, ಬಣ್ಣದಲ್ಲಿ ಕುದಿಸಿ, ಗಾಜಿನ ಮೇಲೆ ಹರಡಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇನೆ. ಬೇರಿನ ಒಳಗೆ ಹುಳು ಇದ್ದರೆ ಗುಲಾಬಿ ಬಣ್ಣಕ್ಕೆ ತಿರುಗಿ ಕಾಣುತ್ತದೆ. ಆಮೇಲೆ ಮೇಡಂ ಬಂದು ನೋಡಿ ಏನು ಬರೆಯಬೇಕೋ ಬರೆಯುತ್ತಾರೆ. ಅವರು ಬರೆಯುವ ಮೊದಲೇ ನಾನು ಹೇಳಬಲ್ಲೆ, ಆದರೆ ನನ್ನನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳುತ್ತಿದ್ದವಳು ಕೊಡ್ಲಿಪೇಟೆ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕ ಒಬ್ಬಳೇ.

ಅಕ್ಕನಿಗೆ ನನ್ನ ಹುಳುಗಳ ಕಥೆ ಎಂದರೆ ಬಲು ಇಷ್ಟ. ನಾನು ಹೋದಾಗಲೆಲ್ಲ ಜಗಲಿಯ ಮೆಟ್ಟಿಲ ಪಕ್ಕದಲ್ಲಿ ಬಕೆಟ್ಟು, ಮಗ್ಗು ಇಟ್ಟಿರುತ್ತಿದ್ದಳು. ಬಂದವರಿಗೆ ಕಾಲಿಗೆ ನೀರು ಕೊಡುವುದು ಆ ಮನೆಯಲ್ಲಿ ಇನ್ನೂ ಉಳಿದಿತ್ತು. ಬೇರೆಯವರಾದರೆ ತಾವೇ ತೊಳೆದುಕೊಳ್ಳಬೇಕು. ನನಗೆ ಮಾತ್ರ ಅವಳೇ ಹೊಯ್ಯುವಳು, ಹೊಯ್ಯುತ್ತಲೇ "ಈ ಸಲ ಎಂಥ ಹುಳ ಬಂತೇ?" ಎಂದು ಶುರು ಮಾಡುವಳು. ಟವೆಲು ಅವಳ ಹೆಗಲ ಮೇಲೇ ಇರುತ್ತಿತ್ತು.

ಒಂದು ಸಲ ನಾನು ಬೇರುಗಂಟು ಹುಳುವಿನ ವಿಷಯ ಹೇಳಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಮರಿಯಾಗಿದ್ದಾಗ ದಾರದ ಹಾಗೆ ಇರುತ್ತದೆ. ನೆಲ ಒದ್ದೆಯಾದಾಗ ಎಳೆ ಬೇರಿನ ವಾಸನೆ ಹಿಡಿದು ಹೋಗಿ ಬೇರಿನ ತುದಿಯಲ್ಲಿ ನುಗ್ಗುತ್ತದೆ, ಒಳಗೆ ಒಂದು ಜಾಗ ಹಿಡಿಯುತ್ತದೆ, ಆಮೇಲೆ ಸಾಯುವವರೆಗೂ ಅಲ್ಲಾಡುವುದಿಲ್ಲ. ಕೂತಲ್ಲೇ ತಿಂದು ತಿಂದು ಪುಟ್ಟ ಗಡಿಗೆಯ ಹಾಗೆ ಊದಿಕೊಳ್ಳುತ್ತದೆ. ಬೇರು ಗಂಟುಗಂಟಾಗುತ್ತದೆ. ಲೋಳೆಯ ಚೀಲ ಮಾಡಿ ಅದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಅದಕ್ಕೆ ಗಂಡು ಬೇಕಾಗಿಯೇ ಇಲ್ಲ, ಹೆಣ್ಣು ಒಂದೇ ಸಾಕು ಎಂದೆ.

"ಪುಣ್ಯವಂತೆ ಕಣೆ ಅದು" ಎಂದಳು ಅಕ್ಕ. ಭಾವ ಅಲ್ಲೇ ಕಾಫಿ ಕುಡಿಯುತ್ತಿದ್ದರು, ಕೇಳಿಸದವರ ಹಾಗೆ ಎದ್ದು ಹೋದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗಂಡು ಇಲ್ಲವೇ ಇಲ್ಲ ಎಂದಲ್ಲ. ಬೇರಿನಲ್ಲಿ ಗುಂಪು ಜಾಸ್ತಿಯಾಗಿ ತಿನ್ನಲು ಸಾಲದೆ ಹೋದಾಗ ಮರಿಗಳು ಹೆಣ್ಣಾಗುವುದನ್ನು ಬಿಟ್ಟು ಗಂಡಾಗುತ್ತವೆ. ಗಂಡು ಊದುವುದಿಲ್ಲ, ಉದ್ದಕ್ಕೆ ಬೆಳೆದು ಬೇರಿನಿಂದ ಹೊರಗೆ ಹೋಗಿಬಿಡುತ್ತದೆ. ಬೇರಿನಲ್ಲಿ ಗಂಡು ಜಾಸ್ತಿ ಕಂಡರೆ ಆ ಬೇರಿನ ಕಥೆ ಮುಗಿಯುತ್ತಾ ಬಂತು ಎಂದು ತಿಳಿ ಎಂದು ಮೇಡಂ ಹೇಳಿಕೊಟ್ಟಿದ್ದರು. ಹುಳುಗಳಿಗೆ ಕಣ್ಣಿಲ್ಲ, ಕಿವಿಯಿಲ್ಲ, ಮೈಯಿಂದ ಬಿಡುವ ವಾಸನೆಯೇ ಅವುಗಳ ಮಾತು ಎಂದೂ ಅವರೇ ಹೇಳಿದ್ದು. ಕೆಲವು ಹುಳುಗಳಲ್ಲಿ ಒಂದೇ ವಾಸನೆಗೆ ಎರಡು ಅರ್ಥವಂತೆ. ಸ್ವಲ್ಪ ಇದ್ದರೆ ಬಾ ಎಂದು, ಜಾಸ್ತಿಯಾದರೆ ಹೋಗು ಎಂದು. ಅದನ್ನು ಕೇಳಿ ಅಕ್ಕ "ನಮ್ಮ ನೆಂಟರ ಹಂಗೇ" ಎಂದಿದ್ದಳು.

ಇನ್ನು ಬಳ್ಳಿಯ ವಿಷಯ. ನಮ್ಮ ಅಮ್ಮನ ಹಿತ್ತಲಲ್ಲಿ ಒಂದು ಜಾತಿಯ ಮೆಣಸಿನ ಬಳ್ಳಿ ಇತ್ತು. ಅದಕ್ಕೊಂದು ಹೆಸರು ಅಂತ ಇರಲಿಲ್ಲ, ನಾವು ಅಮ್ಮನ ಬಳ್ಳಿ ಎನ್ನುತ್ತಿದ್ದೆವು. ತೆನೆ ಗೇಣುದ್ದ, ಕಾಳು ಒಣಗಿದ ಮೇಲೂ ಗುಂಡಗೆ ಇರುತ್ತಿತ್ತು. ಮದುವೆಯಾಗಿ ಹೋಗುವ ಮಗಳಿಗೆ ಆ ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಹಂಬನ್ನು ಕತ್ತರಿಸಿ ಕೊಡುವುದು ಅಮ್ಮನ ತವರಿನಿಂದ ಬಂದ ಪದ್ಧತಿ. ಅಕ್ಕನಿಗೆ ಏಳು ಹಂಬನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಬಾಳೆಪಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಅಕ್ಕ ಆರನ್ನು ಮನೆಯ ಮೇಲಿನ ತೋಟದಲ್ಲಿ ಸಿಲ್ವರ್ ಮರಗಳಿಗೆ ಹಬ್ಬಿಸಿದಳು, ಒಂದನ್ನು ಕೆಳಗೆ ಬಾವಿ ಹತ್ತಿರದ ಹಾಲುವಾಣ ಮರಕ್ಕೆ. ನಾನು ಮದುವೆಯಾಗಿ ಹೋದದ್ದು ಮಡಿಕೇರಿಯ ಬಾಡಿಗೆ ಮನೆಗೆ. "ನಿಂಗೆ ನೆಲ ಆದಾಗ ಕೊಡ್ತೀನಿ" ಎಂದಿದ್ದಳು ಅಮ್ಮ. ನನಗೆ ನೆಲ ಆಗುವ ಮೊದಲೇ ಅಮ್ಮ ಹೋದಳು. ಆ ಹಿತ್ತಲು ಬೇರೆಯವರ ಕೈಗೆ ಹೋಗಿ, ಅವರು ಜೆಸಿಬಿ ತಂದು ಎಲ್ಲ ಅಗೆದು ಹಾಕಿದರು. ಅಲ್ಲಿಂದಾಚೆಗೆ ಅಮ್ಮನ ಬಳ್ಳಿ ಎಂದರೆ ಅಕ್ಕನ ತೋಟದ ಆ ಏಳೇ.

ನಾವು ಮಡಿಕೇರಿಯಲ್ಲಿ ಸ್ವಂತ ಮನೆ ಮಾಡಿದ ವರ್ಷ ಅಕ್ಕ ತಾನಾಗಿಯೇ ಹಂಬು ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಳು. "ಇದು ನಿನ್ನ ಪಾಲು ಕಣೆ. ಅಮ್ಮ ಇದ್ದಿದ್ರೆ ಅವಳೇ ಕೊಡ್ತಿದ್ಲು" ಎಂದಳು. ಅವಳ ತೋಟದಲ್ಲೂ ಮರಗಳ ನಡುವೆ ಜಾಗ ಖಾಲಿ ಇತ್ತು. ನೀನು ಲ್ಯಾಬಿನವಳು, ಚೆನ್ನಾಗಿ ಬೇರು ಬರಿಸಿ ಎರಡು ನೀನಿಟ್ಟುಕೋ, ಉಳಿದದ್ದು ನನಗೆ ತಂದುಕೊಡು ಎಂದಳು. ಮಾರ್ಚ್ ತಿಂಗಳು. ಬಸ್ಸಿನಲ್ಲಿ ಆ ಗೋಣಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಹಂಬು ನೆಡುವ ಪ್ಲಾಸ್ಟಿಕ್ ಬ್ಯಾಗಿಗೆ ತುಂಬಲು ಮಣ್ಣು ಬೇಕಿತ್ತು. ಹೇಗೆ ತಯಾರು ಮಾಡಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಮಣ್ಣನ್ನು ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ತಿಂಗಳಿಗೂ ಮೇಲೆ ಬಿಸಿಲಿಗೆ ಬಿಡಬೇಕು, ಒಳಗಿನ ಹುಳು ಕಾವಿಗೆ ಸತ್ತ ಮೇಲೆಯೇ ಬ್ಯಾಗಿಗೆ ತುಂಬಬೇಕು. ಲ್ಯಾಬಿಗೆ ಬಂದ ತೋಟದವರಿಗೆಲ್ಲ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಆದರೆ ಗೋಣಿಯೊಳಗೆ ಹಂಬು ಬಾಡುತ್ತಿತ್ತು, ನನಗೆ ಸಿಕ್ಕಿದ್ದು ಒಂದು ದಿನ ರಜ. ನಮ್ಮ ಬೀದಿಯ ಮಲಯಾಳಿ ಆಟೋದವನು ಶುಂಠಿ ಕಿತ್ತ ಗದ್ದೆಯಿಂದ ಮೂರು ಮೂಟೆ ಮಣ್ಣು ತಂದು ಇಳಿಸಿದ. "ನೋಡಿ ಚೇಚಿ, ಬೆಣ್ಣೆ. ಕೈಯಲ್ಲೇ ಅಗೆಯಬಹುದು" ಎಂದ.

ನಮ್ಮ ಕಡೆ ಇದು ಎಲ್ಲರೂ ಮಾಡುವ ಕೆಲಸವೇ. ಹೊರಗಿನಿಂದ ಬಂದವರು ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾರೆ, ಒಂದು ಬೆಳೆ ತೆಗೆದು ಬೇರೆ ಗದ್ದೆಗೆ ಹೋಗುತ್ತಾರೆ. ಅವರು ಬಿಟ್ಟು ಹೋದ ಮಣ್ಣು ಗೊಬ್ಬರ ತಿಂದು ಕಪ್ಪಗೆ, ಪುಡಿಪುಡಿಯಾಗಿ ಇರುತ್ತದೆ. ಅದಕ್ಕೆ ಸುರಿದ ಔಷಧಿಯ ವಾಸನೆಗೆ ಇರುವೆ ಕೂಡ ಆ ಕಡೆ ಹಾಯುವುದಿಲ್ಲ. ಇಷ್ಟು ವಿಷ ಕುಡಿದ ಮಣ್ಣಿನಲ್ಲಿ ಯಾವ ಹುಳು ಬದುಕಿರುತ್ತದೆ ಎಂದು ಜನ ಹೇಳುತ್ತಾರೆ. ಆ ಮಾತು ಸುಳ್ಳು, ಶುಂಠಿಯ ಬೇರಿನಲ್ಲಿ ಗಂಟು ಎಷ್ಟಿರುತ್ತದೆ ಎಂದು ನಾನೇ ಎಷ್ಟೋ ಸಲ ನೋಡಿದ್ದೇನೆ. ಆದರೂ ಆ ದಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಊರವರು ಹೇಳುವ ಮಾತನ್ನೇ ನನಗೆ ನಾನೇ ಹೇಳಿಕೊಂಡು ಬ್ಯಾಗು ತುಂಬಿಸಿದೆ. ನನಗೆ ಈಗಲೂ ಮೈ ಉರಿಯುವುದು ಅದಕ್ಕೇ. ಗೊತ್ತಿಲ್ಲದೆ ಮಾಡಿದ್ದರೆ ಬೇರೆ ಮಾತು.

ಬಳ್ಳಿಗಳು ಚೆನ್ನಾಗಿಯೇ ಬಂದವು. ಎರಡನ್ನು ನಾನಿಟ್ಟುಕೊಂಡು, ಜೂನಿನಲ್ಲಿ ಹನ್ನೆರಡು ಗಿಡ ಅಕ್ಕನಿಗೆ ತೆಗೆದುಕೊಂಡು ಹೋದೆ. ಅಕ್ಕ ಒಂದೊಂದು ಎಲೆಯನ್ನೂ ಮುಟ್ಟಿ ನೋಡಿ, ಅಮ್ಮನ ಆರು ಬಳ್ಳಿಗಳ ಆಚೆ ಈಚೆ ನೆಟ್ಟಳು. ಬಾವಿ ಹತ್ತಿರ ಬೇರೆ ಮರ ಇಲ್ಲದ್ದರಿಂದ ಅಲ್ಲಿ ನೆಡಲಿಲ್ಲ.

ಎರಡನೆಯ ವರ್ಷ ಮಳೆ ಹಿಂದೆ ಹೋದ ಮೇಲೆ, ನವೆಂಬರಿನಲ್ಲಿ ಫೋನು ಬಂತು. "ಬಳ್ಳಿ ಯಾಕೋ ಹಳದಿ ತಿರುಗ್ತಾ ಅದೆ ಕಣೆ. ನೀನೊಂದ್ಸಲ ಬಂದು ನೋಡು" ಎಂದಳು. ಹೋದೆ. ನಾನು ತಂದ ಗಿಡಗಳೂ ಬಾಡಿದ್ದವು, ಪಕ್ಕದ ಅಮ್ಮನ ಬಳ್ಳಿಗಳ ಕೆಳಗಿನ ಎಲೆಗಳೂ ಹಳದಿಯಾಗಿದ್ದವು. ಬುಡದಲ್ಲಿ ಕೈಯಿಂದಲೇ ಕೆದಕಿ ಒಂದು ಬೇರು ತೆಗೆದೆ. ಅಕ್ಕ ಬಕೆಟ್ಟಿನಲ್ಲಿ ನೀರು ತಂದು ಇಟ್ಟಳು. ಬೇರು ಅದ್ದಿ ತೊಳೆದೆ. ಗಂಟು ನೋಡಲು ಮೈಕ್ರೋಸ್ಕೋಪು ಬೇಕಾಗಿರಲಿಲ್ಲ. ಆ ಮೂರು ಮೂಟೆ ಕಣ್ಣ ಮುಂದೆ ಬಂದವು.

"ಎಂಥದೇ?" ಎಂದಳು ಅಕ್ಕ.

ಬೇರನ್ನು ಮುಷ್ಟಿಯಲ್ಲಿ ಮಡಚಿಕೊಂಡೆ. "ಮೆಗ್ನೀಷಿಯಂ ಕಡಿಮೆ ಆಗಿದೆ ಅಕ್ಕ. ಸುಣ್ಣ ಹಾಕು, ಗೊಬ್ಬರ ಹಾಕು, ಬುಡಕ್ಕೆ ಮಣ್ಣು ಏರಿಸು, ಸರಿಹೋಗುತ್ತೆ" ಎಂದೆ. ಅಷ್ಟು ಸಲೀಸಾಗಿ ಹೇಳಿದೆ. ಅವಳು ತಲೆ ಅಲ್ಲಾಡಿಸಿ, ನಾನು ಹೇಳಿದ್ದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು.

ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನನ್ನ ಬಳಿ ದೊಡ್ಡ ಕಾರಣವೇನೂ ಇಲ್ಲ. ಆ ಮನೆಯಲ್ಲಿ ನಾನು ತಿಳಿದವಳು ಎಂದು ಹೆಸರು ಮಾಡಿದ್ದೆ, ಅದು ಹೋಗುವುದು ಬೇಡವಾಗಿತ್ತು. ಮೊದಲು ಲ್ಯಾಬಿನಲ್ಲಿ ಸರಿಯಾಗಿ ನೋಡೋಣ, ಆಮೇಲೆ ಹೇಳೋಣ ಎಂದುಕೊಂಡೆ. ಆ ಬೇರನ್ನು ಲ್ಯಾಬಿಗೆ ತೆಗೆದುಕೊಂಡು ಹೋಗಲೂ ಇಲ್ಲ, ಬಸ್ ಸ್ಟ್ಯಾಂಡಿನಲ್ಲಿ ಬಿಸಾಡಿದೆ. ಮುಂದಿನ ಮಳೆಗಾಲದಲ್ಲಿ ಬಳ್ಳಿಗಳು ಮತ್ತೆ ಹಸಿರಾದವು. ಈ ರೋಗದ ಗುಣವೇ ಅದು, ನೆಲದಲ್ಲಿ ನೀರು ಇರುವಷ್ಟು ದಿನ ಅರ್ಧ ಬೇರಿನಲ್ಲೂ ಬಳ್ಳಿ ದಿನ ತಳ್ಳುತ್ತದೆ. ಅದೂ ನನಗೆ ಗೊತ್ತಿತ್ತು. ಅಕ್ಕ ಅಕ್ಕಪಕ್ಕದವರಿಗೆಲ್ಲ "ನನ್ನ ತಂಗಿ ಒಂದೇ ನೋಟಕ್ಕೆ ಹೇಳಿದ್ಲು, ನೋಡಿ ಹೆಂಗೆ ಚಿಗುರ್ತು" ಎಂದು ಹೇಳಿಕೊಂಡು ಓಡಾಡಿದಳಂತೆ. ಫೋನಿನಲ್ಲಿ ಅದನ್ನು ಕೇಳಿ ನಾನು ನಕ್ಕೆ ಕೂಡ.

ಮರುವರ್ಷ ನವೆಂಬರಿನಲ್ಲಿ ಹೋದಾಗ ಮೇಲಿನ ತೋಟದ ಬಳ್ಳಿಗಳಲ್ಲಿ ಎಲೆಯೇ ಉಳಿದಿರಲಿಲ್ಲ, ಗೆಣ್ಣುಗಳು ಕಳಚಿ ಬುಡದಲ್ಲಿ ಬಿದ್ದಿದ್ದವು. ನೆಲದ ಮೇಲಿನ ಹಂಬುಗಳೂ ಒಣಗಿದ್ದವು. ಮಡಿಕೇರಿಯಲ್ಲಿ ನಾನಿಟ್ಟುಕೊಂಡಿದ್ದ ಎರಡೂ ಅಷ್ಟರಲ್ಲಿ ಸತ್ತಿದ್ದವು. ಬಾವಿ ಹತ್ತಿರದ್ದು ಮಾತ್ರ ಕಪ್ಪು ಹಸಿರಾಗಿ, ತುಂಬ ತೆನೆ ಬಿಟ್ಟು ನಿಂತಿತ್ತು. ಈ ಸಲ ಬೇರನ್ನು ಕರ್ಚೀಫಿನಲ್ಲಿ ಕಟ್ಟಿ ತಂದೆ. ಶನಿವಾರ ಮಧ್ಯಾಹ್ನ ಮೇಡಂ ಊಟಕ್ಕೆ ಹೋದಾಗ ಯಾರ ಹೆಸರನ್ನೂ ಬರೆಯದೆ ಬಣ್ಣ ಹಾಕಿ ನೋಡಿದೆ. ಗಡಿಗೆಯಂಥ ಹೆಣ್ಣುಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಅವುಗಳ ನಡುವೆ, ಹದಿನೇಳು ವರ್ಷದಲ್ಲಿ ನಾನು ಒಂದೇ ಗಾಜಿನ ಮೇಲೆ ಎಂದೂ ಕಾಣದಷ್ಟು ಗಂಡುಗಳು. ಉದ್ದಕ್ಕೆ, ಸುರುಳಿ ಸುತ್ತಿಕೊಂಡು, ಹೊರಡಲು ಸಿದ್ಧವಾಗಿದ್ದವು. ಅಮ್ಮನ ಬಳ್ಳಿಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ಅವುಗಳಿಗೂ ತಿಳಿದಿತ್ತು. ನನಗೆ ಅಳು ಬಂತು. ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡು ಅಕ್ಕನಿಗೆ ಫೋನು ಮಾಡಿದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. "ನೀನು ಫೋನ್ ಮಾಡಿದ್ದು ಒಳ್ಳೇದಾಯ್ತು. ಮೇಲಿನ ಆರೂ ಹೋದಂಗೇ. ಆದ್ರೆ ಬುಡದಲ್ಲಿ ಮಣ್ಣು ಬೆಣ್ಣೆ ಬೆಣ್ಣೆ ಆಗಿ ಅದೆ, ವರ್ಷವೆಲ್ಲ ಸುಣ್ಣ ಗೊಬ್ಬರ ಹಾಕಿದ್ದಲ್ವಾ. ಅದನ್ನ ಯಾಕೆ ಹಾಳು ಮಾಡೋದು? ನಾಳೆ ಅದನ್ನೆಲ್ಲ ತೆಗ್ದು ಬಾವಿ ಹತ್ರದ್ದಕ್ಕೆ ಏರುಸ್ತೀನಿ, ನೀನು ಹೇಳ್ದಂಗೇ."

"ಮುಟ್ಟಬೇಡ" ಎಂದು ಕಿರುಚಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಯಾಕೆ?"

"ನಾಳೆ ಬರ್ತೀನಿ. ಅಲ್ಲಿಯವರೆಗೆ ಗುದ್ದಲಿ ಮುಟ್ಟಬೇಡ ಅಕ್ಕ, ನಿನ್ನ ದಮ್ಮಯ್ಯ."

ಭಾನುವಾರದ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಸರಿಯಾಗಲಿಲ್ಲ. ಅಕ್ಕ ಎಂದಿನ ಹಾಗೆ ಮೆಟ್ಟಿಲ ಹತ್ತಿರ ಬಕೆಟ್ಟು ಇಟ್ಟುಕೊಂಡು, ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದಳು. ಅವಳು ಹೊಯ್ದ ನೀರು ಕಾಲಿನ ಮೇಲೆ ಬೀಳುತ್ತಿರುವಾಗಲೇ ಹೇಳಿಬಿಟ್ಟೆ. ಶುಂಠಿ ಗದ್ದೆಯ ಮಣ್ಣು, ರಜ ಇಲ್ಲದ್ದು, ಬಿಸಿಲಿಗೆ ಹಾಕದೆ ತುಂಬಿಸಿದ್ದು, ನನ್ನ ಹನ್ನೆರಡು ಗಿಡಗಳ ಜೊತೆ ಹುಳು ಬಂದದ್ದು, ಎಲ್ಲ. ಅವಳು ಮಗ್ಗನ್ನು ಬಕೆಟ್ಟಿನಲ್ಲಿ ಹಾಕಿದಳು.

"ಹುಳ ಬರೋದು ಬರ್ತದೆ ಬಿಡು" ಎಂದಳು. ನನಗೆ ಜೀವ ಬಂದ ಹಾಗಾಯಿತು. ಆಗ ಅವಳು ಕೇಳಿದಳು, "ಯಾವಾಗ ಗೊತ್ತಾಯ್ತು ನಿಂಗೆ?"

"ನಿನ್ನೆ ಲ್ಯಾಬಲ್ಲಿ..." ಎಂದು ಶುರು ಮಾಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೋದ ವರ್ಷ" ಎಂದೆ.

"ನಾನೇ ನೀರು ತಂದು ಕೊಟ್ಟಿದ್ದೆ. ಬೇರು ತೊಳೆಯಕ್ಕೆ."

"ಹೌದು."

"ಆವತ್ತು ಹೇಳಿದ್ರೆ ಏನಾಗ್ತಿತ್ತು?"

ಅವಳು ಜಗಳಕ್ಕೆ ಕೇಳಿದ್ದಲ್ಲ. ತೋಟದವರು ಲ್ಯಾಬಿನಲ್ಲಿ ಕೇಳುವ ಹಾಗೆ, ತಿಳಿದುಕೊಳ್ಳಲು ಕೇಳಿದಳು. ಆದ್ದರಿಂದ ಇದ್ದದ್ದನ್ನೇ ಹೇಳಿದೆ. ಹುಳು ಇರುವುದು ಬೇರಿನಲ್ಲಿ, ಮೇಲಿನ ಬಳ್ಳಿಯಲ್ಲಲ್ಲ. ಹೋದ ವರ್ಷ ಮೇಲೆ ಹಸಿರಿತ್ತು. ಅಲ್ಲಿಂದ ತುಂಡು ತೆಗೆದು ಶುದ್ಧ ಮಣ್ಣಿನಲ್ಲಿ ಬೇರು ಬರಿಸಿ, ಬೇರೆ ಕಡೆ ನೆಟ್ಟುಕೊಳ್ಳಬಹುದಿತ್ತು.

"ಆರನ್ನೂ?"

"ಆರನ್ನೂ."

ಟವೆಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಆಗಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದು, ಆಮೇಲೆ ಊಟಕ್ಕೆ ಕರೆಯುತ್ತಿದ್ದಳು. ಅಕ್ಕ ಕತ್ತಿ ತೆಗೆದುಕೊಂಡು ಮೇಲಿನ ತೋಟಕ್ಕೆ ಹೋಗಿ ಬಳ್ಳಿಗಳನ್ನು ಒಂದೊಂದಾಗಿ ಮರದಿಂದ ಬಿಡಿಸಿದಳು. ಬೇರು ಸಮೇತ ಅಗೆದು, ಅಲ್ಲೇ ಗುಡ್ಡೆ ಹಾಕಿ ಸುಟ್ಟೆವು. ಬಳ್ಳಿಯ ಕಟ್ಟು ಹೊರಲು ನಾನು ಕೈ ಹಾಕಿದಾಗಲೆಲ್ಲ "ಬಿಡು, ನಾನು ತಗೋತೀನಿ" ಎನ್ನುತ್ತಿದ್ದಳು. ಮರಗಳ ಮೇಲೆ ಬಳ್ಳಿ ಅಂಟಿಕೊಂಡಿದ್ದ ಗುರುತು ಮಾತ್ರ ಉಳಿಯಿತು. ಹೊರಡುವಾಗ ಯಾವತ್ತೂ ಚೀಲ ತುಂಬ ಕೆಸುವಿನ ಗೆಡ್ಡೆಯೋ ಅರಿಶಿನವೋ ಮಣ್ಣು ಸಮೇತ ಕಟ್ಟಿ ಕೊಡುತ್ತಿದ್ದವಳು ಈ ಸಲ ಒಂದು ಪೊಟ್ಟಣ ಕಾಫಿಪುಡಿ ಕೊಟ್ಟಳು.

ಆಮೇಲೆ ಮೂರು ತಿಂಗಳು ಫೋನಿಲ್ಲ. ನಾನು ಮಾಡಿದರೆ ಭಾವ ಎತ್ತಿ "ಕಾಫಿ ಪಿಕಿಂಗ್ ನಡೀತಾ ಇದೆ, ಅವಳಿಗೆ ಪುರುಸೊತ್ತಿಲ್ಲ" ಎನ್ನುತ್ತಿದ್ದರು. ಫೆಬ್ರವರಿ ಕೊನೆಗೆ ಅವಳೇ ಮಾಡಿದಳು. ಹೇಗಿದ್ದೀಯ ಎಂದು ಕೇಳಲಿಲ್ಲ.

"ಬಾವಿ ಹತ್ರದ್ದರ ಹಂಬು ತೆಗೀತಾ ಇದೀನಿ. ನೀವು ಲ್ಯಾಬಲ್ಲಿ ತೋಟದವ್ರಿಗೆ ಏನು ಹೇಳ್ತೀರೋ ಅಷ್ಟನ್ನೂ ಹೇಳು. ಒಂದೂ ಬಿಡ್ಬೇಡ" ಎಂದಳು.

ನೀವು ಎಂದಳು. ಲ್ಯಾಬಿನವರನ್ನೆಲ್ಲ ಸೇರಿಸಿ ಹೇಳಿದ್ದು ಎಂದು ನನಗೆ ಗೊತ್ತು, ಆದರೂ ಚುಚ್ಚಿತು. ನಾನು ಹೇಳುತ್ತಾ ಹೋದೆ, ಅವಳು ಬರೆದುಕೊಂಡಳು. ಮಣ್ಣನ್ನು ಬಿಸಿಲಿಗೆ ಹಾಕುವುದು, ಹಾಳೆಯ ಅಂಚಿನಿಂದ ಗಾಳಿ ಹೋಗದ ಹಾಗೆ ಒತ್ತುವುದು, ಬೇರೆಯವರ ಗುದ್ದಲಿ ಬಳಸದಿರುವುದು. ಮಣ್ಣು ಸಿದ್ಧವಾಗುವವರೆಗೆ ಹಂಬನ್ನು ಬಳ್ಳಿಯಿಂದ ಕತ್ತರಿಸಬೇಡ, ಗೂಟಕ್ಕೆ ಸುತ್ತಿಡು ಎಂದೂ ಹೇಳಿದೆ. ಕೊನೆಗೆ, ಹದಿನೇಳು ವರ್ಷದ ಅಭ್ಯಾಸದಲ್ಲಿ, ಹೊರಗಿನವರು ತೋಟಕ್ಕೆ ಕಾಲಿಡುವ ಮೊದಲು ಗೇಟಿನಲ್ಲೇ ಕಾಲು, ಚಪ್ಪಲಿ ತೊಳೆಯಬೇಕು ಎಂದೂ ಹೇಳಿದೆ. ಇದನ್ನು ಯಾರೂ ಪಾಲಿಸಿದ್ದು ನಾನು ಕಂಡಿಲ್ಲ. ಮನೆಗೆ ಬಂದವರಿಗೆ ಹಾಗೆ ಹೇಳಲು ನಮ್ಮ ಜನಕ್ಕೆ ಸಂಕೋಚ.

ಏಪ್ರಿಲಿನಲ್ಲಿ ಹೋದೆ. ಬಸ್ಸಿಳಿದು ನಡೆದು ಬಂದು ಗೇಟು ತೆರೆಯುವಾಗ ಅಕ್ಕ ಒಳಗಿನಿಂದ "ನಿಲ್ಲು" ಎಂದು ಕೂಗಿದಳು. ಗೇಟಿನ ಕಂಬದ ಪಕ್ಕ ಆ ಹಳೆಯ ಬಕೆಟ್ಟು, ಮಗ್ಗು. ಪಕ್ಕದಲ್ಲಿ ಒಂದು ಬ್ರಶ್ಶು, ಬದಲಿಗೆ ಹಾಕಿಕೊಳ್ಳಲು ಅವಳದೇ ಒಂದು ಜೊತೆ ಹಳೆ ಚಪ್ಪಲಿ. ಜಗಲಿಯ ಮೆಟ್ಟಿಲ ಹತ್ತಿರ ಏನೂ ಇರಲಿಲ್ಲ. ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಣ್ಣು ಹರಡಿತ್ತು, ಅಂಚಿಗೆಲ್ಲ ಕಲ್ಲು ಹೇರಿದ್ದಳು.

ಅವಳು ಗೇಟಿನವರೆಗೆ ಬಂದು ಆಚೆ ಬದಿಯಲ್ಲಿ ನಿಂತಳು. ಹೆಗಲ ಮೇಲೆ ಟವೆಲಿತ್ತು. ನೀರು ಹೊಯ್ಯಲಿಲ್ಲ. ನಾನೇ ಮಗ್ಗು ತೆಗೆದುಕೊಂಡೆ.

"ಇದು ಬಂದವ್ರಿಗೆಲ್ಲ ಇಟ್ಟಿದ್ಯಾ ಅಕ್ಕ?" ಎಂದೆ, ನಗುವ ಹಾಗೆ ಮಾಡಿ.

"ಇಲ್ಲ. ನಿಂಗೆ" ಎಂದಳು.

ನಾನು ಬಗ್ಗಿ ತೊಳೆಯತೊಡಗಿದೆ. ಮೊದಲು ಚಪ್ಪಲಿ, ಆಮೇಲೆ ಪಾದ, ಬೆರಳ ಸಂದು, ಬೇರು ತೊಳೆಯುವಷ್ಟೇ ನಾಜೂಕಾಗಿ. ನೀರು ತಿಳಿಯಾಗಿ ಹರಿಯತೊಡಗಿದ ಮೇಲೆ ಟವೆಲಿಗೆ ಕೈ ಚಾಚಿದೆ. ಅಕ್ಕ ಕೊಡಲಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದಳು.

"ಹಿಮ್ಮಡಿ" ಎಂದಳು.